ತಪ್ಪಿಲ್ಲದ ಹೊತ್ತು

ಪೆನಾಂಗಿನ ಬಯಾನ್ ಲೆಪಾಸ್. ಮೂರನೆಯ ಮಹಡಿ, ರಾತ್ರಿ ಪಾಳಿ.
ಗುವಾತ್ ಹೂನಳ ಪರದೆಯಲ್ಲಿ ನಾಲ್ಕು ಕಿಟಕಿ:
ಒಂದರಲ್ಲಿ ಎಡದಿಂದ ಬಲಕ್ಕೆ ತೆವಳುವ ಗಂಟೆ, ನಿಮಿಷ;
ಒಂದರಲ್ಲಿ ತಪ್ಪುಗಳು ಗೊಂಚಲಾಗಿ ಬಿದ್ದರೆ ಗೊಂಚಲಿನ ಉದ್ದ;
ಇನ್ನೊಂದರಲ್ಲಿ ಬಿಟ್ಟುಗಳ ಸಾಲಿನಲ್ಲಿ ಅವು ಬಿದ್ದ ಜಾಗ.
ನಾಲ್ಕನೆಯದು ಅವಳಿಗೆ ಇಷ್ಟ.
ಒಂದು ತಪ್ಪಿಗೂ ಮುಂದಿನ ತಪ್ಪಿಗೂ ನಡುವೆ
ಎಷ್ಟು ಹೊತ್ತು ಎಲ್ಲ ಸರಿಯಿತ್ತು
ಎಂಬ ಲೆಕ್ಕ ಅದು.

ಲಕ್ಷ ಕೋಟಿಗೆ ಒಂದಾದರೆ ಮಾಫಿ.
ಈ ಪೆಟ್ಟಿಗೆ ನೂರು ಮಾಡುತ್ತಿದೆ.
ಹಗಲಿನವರು ಕೇಬಲ್ ಬದಲಿಸಿದರು, ಬೋರ್ಡು ಬದಲಿಸಿದರು,
ಕೊನೆಗೆ ಒಬ್ಬರನ್ನೊಬ್ಬರು ಬೈದು ಮನೆಗೆ ಹೋದರು.

ಒಂದೇ ಹೊಟ್ಟೆಯ ಮಕ್ಕಳು ಈ ಕಿಟಕಿಗಳು:
ಒಂದರ ಕಿವಿ ಹಿಂಡಿದರೆ ಉಳಿದ ಮೂರಕ್ಕೂ ಉರಿ.
ನಾಲ್ಕನೆಯದರಲ್ಲಿ ಒಂಟಿ ಕಂಬವೊಂದು ಎದ್ದು ನಿಂತಿತ್ತು.
ಅದರ ಸುತ್ತ ಚೌಕ ಎಳೆದಳು.
ತಟ್ಟನೆ ಮೊದಲನೆಯದರಲ್ಲಿ ಕಿತ್ತಳೆ ಗೆರೆಗಳು:
ಹನ್ನೊಂದು ನಲವತ್ತು. ಹನ್ನೆರಡು ಮೂರು. ಹನ್ನೆರಡು ಇಪ್ಪತ್ತಾರು.
ಇಪ್ಪತ್ತಮೂರು ನಿಮಿಷಕ್ಕೊಮ್ಮೆ, ಮಾತು ಕೊಟ್ಟವರ ಹಾಗೆ.
ಜಾಗದ ಕಿಟಕಿ ಮಾತ್ರ ಚೆಲ್ಲಾಪಿಲ್ಲಿ.
ಓಹೋ, ಅಂದಳು. ಹಾಗಾದರೆ ಇದು ಒಳಗಿನದಲ್ಲ.

ಎರಡು ಇಪ್ಪತ್ತೊಂದಕ್ಕೆ ಕಾದು ನಿಂತಳು,
ಕೈಯಲ್ಲಿ ಆರಿದ ಕಪ್ಪು ಕಾಫಿ.
ಗೋಡೆಯಾಚೆ ಏನೋ ನಡುಗಿ ಗುರ್ ಎಂದಿತು.
ತಿರುಗಿದರೆ, ಪರದೆಯಲ್ಲಿ ಹೊಸ ಗೆರೆ.

ಕಾವಲುಗಾರರ ಕೋಣೆ. ಮೊಣಕಾಲೆತ್ತರದ ಫ್ರಿಜ್ಜು,
ಕಂಪನಿಯ ಯಾವ ಪಟ್ಟಿಯಲ್ಲೂ ಇಲ್ಲದ್ದು.
ಒಳಗೆ ಅರ್ಧ ನಿಂಬೆಹಣ್ಣು, ಉಪ್ಪಿನಕಾಯಿ,
ಟವೆಲಿನಲ್ಲಿ ಸುತ್ತಿಟ್ಟ ಇನ್ಸುಲಿನ್, ನಾಲ್ಕು ಸೀಸೆ.
ದಿಲ್‌ಮಾನ್ ಪುನ್ ಎದ್ದು ಟೋಪಿ ಸರಿಮಾಡಿಕೊಂಡ.
ಅವನ ಮಲಯ್ ಒಡಕು, ಅವಳದ್ದು ಅವಸರ.
ಗೊತ್ತಾದರೆ ನೇಪಾಳಕ್ಕೆ ಕಳಿಸಿಬಿಡುತ್ತಾರೆ ಅಕ್ಕಾ, ಅಂದ.
ಅವಳು ಬಾಗಿಲು ಮುಚ್ಚಿದಳು.
ಬೇಗ ಮುಚ್ಚದಿದ್ದರೆ ತಂಪು ಹೋಗುತ್ತದೆ, ಅಂದಳು.

ಎರಡು ನಲವತ್ತನಾಲ್ಕರ ಗುರ್‌ಗೆ ಅವಳು ಬೆಂಚಿನ ಕೆಳಗಿದ್ದಳು,
ಬಾಯಲ್ಲಿ ಟಾರ್ಚು, ಮೊಣಕೈಗೆ ಧೂಳು,
ಕೇಬಲನ್ನು ಆ ಗೋಡೆಯಿಂದ ಬಿಡಿಸಿ
ಈ ಗೋಡೆಗೆ ತರುತ್ತಿದ್ದಳು.
ವರದಿಯಲ್ಲಿ ಬರೆದಳು: ಕೇಬಲಿನ ದಾರಿ ಬದಲಿಸಿದೆ.
'ಕಾರಣ' ಎಂಬ ಖಾನೆಯಲ್ಲಿ ಕರ್ಸರ್ ಬಹಳ ಹೊತ್ತು ಮಿಟುಕಿತು.
'ಗೋಡೆ' ಎಂದಷ್ಟೇ ಒತ್ತಿದಳು.

ಮೂರು ಏಳು. ಗೋಡೆಯಾಚೆ ಗುರ್. ಪರದೆ ಖಾಲಿ.
ಮೂರೂವರೆ. ಗುರ್. ಖಾಲಿ.
ಯಾರೋ ಆಚೆ ಕೆಮ್ಮಿದ್ದು, ಕುರ್ಚಿ ಎಳೆದದ್ದು ಕೇಳಿಸಿತು.

ನಾಲ್ಕನೆಯ ಕಿಟಕಿಯನ್ನು ಮತ್ತೆ ದೊಡ್ಡದು ಮಾಡಿ ನೋಡಿದಳು.
ಈ ಸರಿಯಿರುವ ಹೊತ್ತು ಅಲ್ಲಿ ಇನ್ನೂ ಇಲ್ಲ.
ಮುಂದಿನ ತಪ್ಪು ಬಿದ್ದ ಮೇಲೆಯೇ ಅದನ್ನು ಅಳೆದು
ಒಂದು ಕಂಬವಾಗಿ ನಿಲ್ಲಿಸುತ್ತದೆ ಯಂತ್ರ;
ಅಲ್ಲಿವರೆಗೆ ಅದು ಯಾವ ಎಣಿಕೆಗೂ ಸೇರದೆ
ಸುಮ್ಮನೆ ಬೆಳೆಯುತ್ತಿರುತ್ತದೆ.