ಚೆಂಡು ತರುವವಳು

ಮಾಸ್ತಿಕಟ್ಟೆಯಿಂದಾಚೆ, ಗುಡ್ಡದ ಸೊಂಟ ಕಡಿದು
ಜೇಸೀಬಿ ಮಾಡಿಕೊಟ್ಟ ಮೈದಾನ ನಮ್ಮದು.
ಮೂರು ಕಡೆ ಜಂಬಿಟ್ಟಿಗೆ ಮಣ್ಣಿನ ಗೋಡೆ, ನಾಲ್ಕನೆಯ ಕಡೆ
ಏನೂ ಇಲ್ಲ. ಇಳಿಜಾರು. ಅದರ ಬುಡಕ್ಕೆ ಹಳ್ಳ.

ಪಿರಿಯಡ್ಡಿಗೆ ನಲವತ್ತು ನಿಮಿಷ.
ಸಾಲು ನಿಲ್ಲಲು ಆರು, ಹಾಜರಿಗೆ ಐದು,
ಕೀಲಿ ಹುಡುಕಿ ಚೆಂಡಿಗೆ ಗಾಳಿ ತುಂಬಲು ಒಂಬತ್ತು.
ಗಣಿತದ ಮೇಡಂ ಕೇಳಿಕೊಂಡ ದಿನ
ನಲವತ್ತೂ ಅವರಿಗೇ.
ಉಳಿದದ್ದಕ್ಕೆ ಒಂದು ಚೆಂಡು, ಐವತ್ತೊಂದು ಮಕ್ಕಳು.

ಮೇಲಿನವರು ನಮೂನೆ ಕಳಿಸಿದ್ದರು:
ಎತ್ತರ, ತೂಕ, ಆರುನೂರು ಮೀಟರ್ ಓಟ,
ಮಗು ನಿಜಕ್ಕೂ ಮೈ ಆಡಿಸಿದ ನಿಮಿಷ.
ಕೊನೆಯ ಕಾಲಂ ನೋಡಿ ನಗು ಬಂತು.
ಬೆಲ್ಟನ್ನು ಒಂದು ತೂತು ಸಡಿಲಿಸಿ
ಸ್ಟಾಪ್‌ವಾಚ್ ಹಿಡಿದು ಕೂತೆ.

ಅಲೋಶಿಯಸ್, ನಮ್ಮ ಕ್ಯಾಪ್ಟನ್: ಏಳು ನಿಮಿಷ.
ಮಿಕ್ಕಿದ್ದೆಲ್ಲ ಸೊಂಟದ ಮೇಲೆ ಕೈ, ಬಾಯಲ್ಲಿ ಅಪ್ಪಣೆ.
ತಸ್ಮಿಯಾ: ಐದೂಕಾಲು, ಅದರಲ್ಲೂ ಎರಡು
ಗೆಳತಿಯ ಜಡೆ ಎಳೆದು ಓಡಿದ್ದು.
ಗೋಲಿ ಸುಹಾಸ ಸೊನ್ನೆ. ಕಂಬಕ್ಕೆ ಒರಗಿ
ನಿದ್ದೆಯೇ ಬಂದಿತ್ತು ಅವನಿಗೆ.

ಎಂಟನೇ ದಿನಕ್ಕೆ ಸರದಿ ಕಸ್ತೂರಿ ಜಿ.ಎಚ್. ಅವಳದು.
ನಮೂನೆಯಲ್ಲಿ ‘ಅಧಿಕ ತೂಕ’.
ಎರಡೂ ತಂಡದವರು “ನಿಮಗೇ ಇರ್ಲಿ” ಅಂತ
ಧಾರಾಳವಾಗಿ ಬಿಟ್ಟುಕೊಡುವ ಹುಡುಗಿ.
ನಾನೇ ಹೇಳಿದ್ದು, ಜೂನ್‌ನಲ್ಲಿ:
“ನೀನು ಅಂಚಲ್ಲಿ ನಿಂತಿರು. ಚೆಂಡು ಹೋದ್ರೆ ತಂದ್ಕೊಡು, ಸಾಕು.”

ಚೆಂಡಿಗೆ ಮತ್ತಿನ್ನೇನು ಕೆಲಸ?
ಉರುಳಿತು. ಇಳಿದಳು, ಹತ್ತಿದಳು. ಉರುಳಿತು.
ಲಂಟಾನ ಕೆದರಿ, ಹಳ್ಳಕ್ಕೆ ಕಾಲಿಟ್ಟು,
ಹಿಮ್ಮಡಿಗೆ ಕಚ್ಚಿದ ಉಂಬಳವನ್ನು ಉಗುರಲ್ಲಿ ಚಿಮ್ಮಿ
ಮತ್ತೆ ಹತ್ತಿದಳು. ಹದಿನಾಲ್ಕು ಸಲ.
ಹದಿನೇಳು ನಿಮಿಷ, ಹನ್ನೆರಡು ಸೆಕೆಂಡು.

ತಪ್ಪಿರಬೇಕೆಂದು ಮರುದಿನವೂ ಹಿಡಿದೆ.
ಹದಿನೆಂಟು.

ಶುಕ್ರವಾರ ಅವಳನ್ನು ನಡುವೆ ನಿಲ್ಲಿಸಿ
ಅಂಚಿಗೆ ನಾನು ಹೋದೆ.
ಎರಡನೇ ಒದೆತಕ್ಕೇ ಬಂತು ನೋಡಿ,
ನನ್ನ ಕಾಲಿನ ಸಂದಿಯಿಂದಲೇ ತೂರಿ ಕೆಳಗೆ.
ಇಳಿದೆ. ಅರ್ಧಕ್ಕೇ ಎದೆ ತಿದಿಯಾಯಿತು.
ಕೈಗೆ ಸಿಕ್ಕ ಗಿಡ ಹಿಡಿದೆ, ಕಾರೆಮುಳ್ಳು.
ಕೊರಳಲ್ಲಿ ಸಿಳ್ಳೆ, ಊದಲು ಉಸಿರಿಲ್ಲ;
ಕಿಸೆಯಲ್ಲಿ ಸ್ಟಾಪ್‌ವಾಚ್ ತನ್ನ ಪಾಡಿಗೆ ಓಡುತ್ತಿತ್ತು.

ಮೇಲೆ ಐವತ್ತು ಮಕ್ಕಳ ನಗು.
ನಗದ ಒಂದು ದನಿ:
“ಸಾ, ಎಡಗಡೆ ಬೇರಿನ ಮೇಲೆ ಕಾಲಿಡಿ.
ಆ ಕಲ್ಲು ನಂಬ್ಬೇಡಿ, ಅದು ಅಲ್ಲಾಡತ್ತೆ.”