ಮಂಗಳವಾರದ ಮಣ್ಣು

ಅನ್ನ ಬೆಂದಿದೆಯೋ ಇಲ್ಲವೋ ನೋಡಲು
ಒಂದಗುಳು ಹಿಸುಕಿದರೆ ಸಾಕು, ನಿಜ.
ನೆಲ ಹಾಗಲ್ಲ.
ಇಲ್ಲಿ ಬೆಂದದ್ದು ಮೂರು ಹೆಜ್ಜೆ ಆಚೆ ಹಸಿ,
ಅದರಾಚೆ ಸೀದು ತಳ ಹತ್ತಿದ್ದು.

ಅದಕ್ಕೇ ಇಪ್ಪತ್ನಾಲ್ಕು ತೂತು.
ನಕ್ಷೆಯ ಮೇಲೆ ಚೌಕುಳಿ ಹಾಕಿ ಆಫೀಸಿನವರು
ಚುಕ್ಕಿ ಇಟ್ಟು ಕಳಿಸಿದ್ದಾರೆ, ರಂಗೋಲಿಗೆ ಇಟ್ಟ ಹಾಗೆ;
ಎಳೆ ಎಳೆಯುವುದೊಂದೇ ಬಾಕಿ.

ಪೋಲೆಂಡಿನ ವುಚ್ ನಗರ, ಏಪ್ರಿಲ್ಲಿನ ಚಳಿ.
ಬಣ್ಣದ ಕಾರ್ಖಾನೆ ಮುಚ್ಚಿ ಮೂವತ್ತು ವರ್ಷ.
ಚಿಮಣಿಯೊಂದು ಉಳಿದಿದೆ, ಅದರ ನೆತ್ತಿಯಲ್ಲಿ ಬರ್ಚ್ ಗಿಡ.
ಗೇಟಿನ ಮೇಲೆ ಹೊಸ ಬೋರ್ಡು:
ನೂರಾ ಹನ್ನೆರಡು ಮನೆ, ನೆಲದಡಿ ಪಾರ್ಕಿಂಗು,
ಮೂಲೆಯಲ್ಲಿ ಶಿಶುವಿಹಾರ.
ಚಿತ್ರದ ಮಕ್ಕಳಿಗೆ ನೆರಳೇ ಇಲ್ಲ.

ಝೆನೋನ್ ಯಂತ್ರ ಓಡಿಸುತ್ತಾನೆ.
ನನ್ನದು ಗಾಜಿನ ಭರಣಿ, ಚೀಟಿ, ಐಸಿನ ಪೆಟ್ಟಿಗೆ,
ತೂತಿಗೊಂದು ಜೊತೆ ಹೊಸ ಕೈಗವಸು.
ಹದಿನಾರರವರೆಗೆ
ಇಟ್ಟಿಗೆ ಚೂರು, ಕಲ್ಲಿದ್ದಲ ಬೂದಿ, ಮರಳು, ಮತ್ತೆ ಮರಳು,
ಒಂದು ಅಂಗಿ ಗುಂಡಿ.
ಸಾಧು ನೆಲ ಇದು, ಅಂದ ಝೆನೋನ್.

ಗೋಡೆ ಕುಸಿದ ಕಡೆಯಿಂದ ಮುದುಕಿ ದಾಟಿ ಬಂದಳು.
ಲೆಯೊಕಾದಿಯಾ. ಕಾಲಲ್ಲಿ ಗಂಡಸರ ಬೂಟು.
ನಮ್ಮ ಹದಿನೇಳನೆಯ ಗೂಟ ನೋಡಿ ನಕ್ಕಳು,
ತಪ್ಪು ಮನೆಯ ಕದ ತಟ್ಟಿದವರನ್ನು ಕಂಡು ನಗುವಂತೆ.

"ಅಲ್ಲೇನಿದೆ? ಸೈಕಲ್ ನಿಲ್ಲಿಸುತ್ತಿದ್ದೆವು.
ಹೊಂಡ ಇದ್ದದ್ದು ಇಲ್ಲಿ, ಈ ಪೊದೆಯ ಹಿಂದೆ.
ಎಲ್ಲ ಕಡೆಗಿಂತ ಮೊದಲು ಇಲ್ಲೇ ಹಿಮ ಕರಗುವುದು.
ಬೆಕ್ಕು ಕೂಡ ಮಲಗುವುದಿಲ್ಲ."

ಆಫೀಸಿಗೆ ಫೋನು ಮಾಡಿದೆ.
ಮುದುಕಿಯ ಮಾತಿಗೆ ಚುಕ್ಕಿ ಕದಲಿಸಬೇಕೇ, ಅಂದರು.
ಆರೇ ಮೀಟರ್, ಅಂದೆ.
ಸ್ವಲ್ಪ ಹೊತ್ತು ಅತ್ತಲಿಂದ
ಬೆರಳು ಮೇಜು ಕುಟ್ಟುವ ಸದ್ದು.
ಹೆಚ್ಚಿನ ತೂತಿಗೆ ದುಡ್ಡಿಲ್ಲ, ಬೇಕಿದ್ದರೆ ಅದನ್ನೇ ಸರಿಸಿ,
ಹೊಣೆ ನಿಮ್ಮದು.

ಒಂದು ಮೀಟರ್: ಬೂದಿ.
ಒಂದೂವರೆ: ಜೇಡಿ, ಒದ್ದೆ.
ಎರಡು ದಾಟಿ ಗೇಣುದ್ದ ಇಳಿದ ಕೊಳವೆ ಮೇಲೆ ಬಂದಾಗ
ಝೆನೋನ್ ಎಂಜಿನ್ ಆರಿಸಿದ.

ನೀಲಿ.
ಆಕಾಶದ್ದಲ್ಲ, ಹೂವಿನದ್ದಲ್ಲ,
ನಿನ್ನೆಯಷ್ಟೇ ಚೆಲ್ಲಿ ಮಣ್ಣೆಳೆದಂತೆ
ಹಸಿ ಹಸಿ ನೀಲಿ. ಹಿಂದೆಯೇ ಮೂಗಿಗೆ ಕಹಿಬಾದಾಮಿ.
ಬಣ್ಣ ಬಯಲಾಯಿತು ಎನ್ನುತ್ತೇವಲ್ಲ,
ಆ ಮಾತಿಗೆ ಇಷ್ಟು ತೂಕವಿದೆಯೆಂದು
ಅಂಗೈಯಲ್ಲಿ ಹಿಡಿಯುವವರೆಗೆ ಗೊತ್ತಿರಲಿಲ್ಲ.

ಅವಳು ಬಗ್ಗಿ ನೋಡಿದಳು.
"ಮಂಗಳವಾರ," ಅಂದಳು.

ಸೋಮವಾರ ಕಪ್ಪು, ಮಂಗಳವಾರ ನೀಲಿ, ಶುಕ್ರವಾರ ಕೆಂಪು.
ಚರಂಡಿ ನೋಡಿ ವಾರ ಹೇಳುತ್ತಿದ್ದವಂತೆ ಮಕ್ಕಳು.
ಗಂಡನ ಹೆಣ ತೊಳೆಯುವಾಗ
ಉಗುರಿನ ಬುಡದಲ್ಲಿ ಇನ್ನೂ ಶುಕ್ರವಾರವಿತ್ತಂತೆ.

ನಮೂನೆಯ ಹಾಳೆಯಲ್ಲಿ 'ಬಣ್ಣ' ಎಂಬ ಕಾಲಮ್ಮಿದೆ.
ನೀಲಿ ಎಂದು ಬರೆದೆ. ಆಳ ಬರೆದೆ.
ವಾಸನೆಯ ಮುಂದೆ 'ಇದೆ' ಎಂಬುದಕ್ಕೆ ಗೀಟು.
ಲ್ಯಾಬಿನ ವರದಿಗೆ ಹತ್ತು ದಿನ.
ಆಮೇಲೆ ಯಾರಾದರೂ ಕೇಳಿಯೇ ಕೇಳುತ್ತಾರೆ,
ಇಪ್ಪತ್ನಾಲ್ಕರ ಸರಾಸರಿ ಎಷ್ಟು, ಎಂದು.
ಸರಾಸರಿಯ ಮೇಲೆ ಯಾವ ಮಗುವೂ ಆಡುವುದಿಲ್ಲ
ಎಂದು ಬರೆಯಲು ಕಾಲಮ್ಮಿಲ್ಲ.

ಹೊರಡುವ ಹೊತ್ತಿಗೆ ಮತ್ತೆ ಬಂದಳು.
ಗೋಡೆಯಾಚೆ ಅವಳ ಪಾತಿ, ಕೆಂಪು ದಂಟಿನ ರೂಬಾರ್ಬ್;
ಇಪ್ಪತ್ತಾರು ಬೇಸಿಗೆ ಅದನ್ನು ಸಕ್ಕರೆಯಲ್ಲಿ ಕುದಿಸಿ
ವಠಾರಕ್ಕೆಲ್ಲ ಹಂಚಿದ್ದಾಳೆ.
ತಿನ್ನಬಹುದೋ ಎಂದು ಕೇಳಲಿಲ್ಲ.
ಒಂದು ದಂಟು ಮುರಿದು ತಂದಿದ್ದಳು.
ಏಪ್ರನ್ನಿಗೆ ಒರೆಸಿ, ಐಸಿನ ಪೆಟ್ಟಿಗೆ ತಾನೇ ತೆರೆದು,
ಭರಣಿಗಳ ನಡುವೆ ಮಲಗಿಸಿದಳು.

ನಮ್ಮ ಕರಾರಿನಲ್ಲಿ ಗಿಡವಿಲ್ಲ.
ಚೀಟಿ ಅಂಟಿಸಲು ಅದಕ್ಕೊಂದು ಸಂಖ್ಯೆಯಿಲ್ಲ.
ಝೆನೋನ್ ನನ್ನ ಮುಖ ನೋಡಿದ.
ಮುಚ್ಚಳ ಹಾಕಿದೆ.