ಎರಡಕ್ಕಿಂತ ಕಡಿಮೆ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಬೇಕರಿಯ ಮೇಲೆ
ನಮ್ಮ ಲ್ಯಾಬು. ಬನ್ನಿನ ವಾಸನೆಯೂ ಸ್ಪಿರಿಟ್ಟಿನ ವಾಸನೆಯೂ
ನನ್ನ ದುಪಟ್ಟಾದಲ್ಲಿ ಕೂಡಿ ಬಾಳತೊಡಗಿ ಏಳು ವರ್ಷ.
ಐರಿ ಚಿಟ್ಟಿಯಪ್ಪ ಮೆಟ್ಟಿಲು ಹತ್ತಿ ಬಂದಾಗ
ಬೆಲ್ಟಿಗೆ ಹೊಸ ತೂತು ಮೂರು,
ಮೂರೂ ತಾವೇ ಕೊರೆದದ್ದು, ಅಂಚು ನುಣುಪು.

‘ಕೈಲ್‌ಪೊಳ್ದಿನ ಹಂದಿ ಈ ಸಲ ಮೈಗೆ ಹತ್ತಲಿಲ್ಲ ಮೂಡಿ,
ತುಪ್ಪ ತೇಲಿದ ಹಾಗೆ ತೇಲಿಹೋಯಿತು.
ನೀರು ಹೊಯ್ದರೆ ಕಾಚಂಪುಳಿ ಬಣ್ಣ.
ಬೆನ್ನೊಳಗೆ ಯಾರೋ ರಾತ್ರಿಯಿಡೀ ತಿದಿ ಒತ್ತುತ್ತಾರೆ.’
ತೋಳು ಚಾಚಿದರು.
ಕಿಡಿ ಹಾರಿ ಸುಟ್ಟ ಚುಕ್ಕೆಗಳ ನಡುವೆ ನರ ಹುಡುಕಿದೆ.

ಕೇಳಿದರೆಂದು ಯಂತ್ರ ತೋರಿಸಿದೆ:
ಅಮೈಲೇಸ್ ಇದ್ದರೆ ಹಳದಿ ಏರುತ್ತದೆ,
ಲೈಪೇಸ್ ಇದ್ದರೆ ಕೆಂಪು, ಕೆಂಪಿನಿಂದ ನೇರಳೆ.
ಎಷ್ಟು ಬೇಗ ಬಣ್ಣವೋ ಅಷ್ಟು ದೊಡ್ಡ ಅಂಕಿ.
ನಕ್ಕುಬಿಟ್ಟರು. ‘ಇದು ನನ್ನ ಕಸುಬಲ್ಲವೇ!’

ನೀರಿಗದ್ದಿದ ಕತ್ತಿಯನ್ನು ಮತ್ತೆ ಕೆಂಡಕ್ಕೆ ಹಿಡಿದರೆ
ಮೊದಲು ಒಣಹುಲ್ಲಿನ ಹಳದಿ,
ಆಮೇಲೆ ಬೆಲ್ಲ, ಆಮೇಲೆ ಬದನೆಯ ನೇರಳೆ.
ಅಲ್ಲಿಗೆ ತೆಗೆಯಬೇಕು. ನೀಲಿಗೆ ದಾಟಿತೋ
ಬಾಯಿ ಮೆತ್ತಗಾಗಿ ಬಾಳೆದಿಂಡೂ ಕಡಿಯದು.
‘ಹೇಳು, ನನ್ನದು ಯಾವ ಬಣ್ಣಕ್ಕೆ ನಿಂತಿತು?’

ಲೈಪೇಸ್ ನೂರ ಹನ್ನೆರಡು. ಇರಬೇಕಾದ್ದು ಅರವತ್ತರೊಳಗೆ.
ನೂರ ಹನ್ನೆರಡು ಏನನ್ನೂ ಹೇಳುವುದಿಲ್ಲ,
ಕಲ್ಲಿರಬಹುದು, ಬರೀ ಊತವಿರಬಹುದು.
ಆ ಮೇದೋಜ್ಜೀರಕ ಜಠರದ ಬೆನ್ನ ಹಿಂದೆ ಮಲಗಿ
ಒಳಗೊಳಗೇ ಗಂಟು ಕಟ್ಟುತ್ತಲೇ
ಹೊರಗೆ ಸರಿಯಾದ ಲೆಕ್ಕ ಒಪ್ಪಿಸಬಲ್ಲದು.
ಆಲ್ಕಲೈನ್ ಫಾಸ್ಫಟೇಸ್ ಮಾತ್ರ ಆರುನೂರು ದಾಟಿ
ಪಿತ್ತದ ದಾರಿ ಎಲ್ಲೋ ಕಟ್ಟಿದೆ ಎಂದಿತು.

ಇನ್ನೊಂದು ಟ್ಯೂಬು ಥರ್ಮಾಕೋಲ್ ಡಬ್ಬಿಯಲ್ಲಿ
ಏಳು ಹತ್ತರ ಬಸ್ಸಿಗೆ, ಡ್ರೈವರನ ಕಾಲ ಬಳಿ, ಮೈಸೂರಿಗೆ.
ಆನೆಚೌಕೂರಿನ ಹತ್ತಿರ ಹಿಂಡು ರಸ್ತೆ ದಾಟಿತಂತೆ,
ಐಸು ಕರಗುವಷ್ಟು ನಿಧಾನಕ್ಕೆ.

ಮೂರನೆಯ ದಿನ ಬಂತು.
ಸಿಎ ಹತ್ತೊಂಬತ್ತು-ಒಂಬತ್ತು: ಎರಡಕ್ಕಿಂತ ಕಡಿಮೆ.
‘ಮೂವತ್ತೇಳರವರೆಗೆ ಇರಬಹುದಂತೆ, ಇವರದು ಎರಡೂ ಇಲ್ಲ!’
ಬೊಳ್ಳವ್ವ ಕೆಳಗಿಳಿದು ದಿಲ್‌ಪಸಂದ್ ತಂದರು.
ನಾನು ಕೈಗೆ ಕೊಟ್ಟ ತುಂಡನ್ನು ಹಿಡಿದುಕೊಂಡೇ ಇದ್ದೆ.

ನೂರರಲ್ಲಿ ಐದೋ ಹತ್ತೋ ಜನರ ಮೈಯಲ್ಲಿ
ಆ ಸಕ್ಕರೆಯ ಸರಕ್ಕೆ ಕೊನೆಯ ಮಣಿ ಪೋಣಿಸುವ ಎಂಜೈಮೇ ಇಲ್ಲ.
ಹುಟ್ಟಿನಿಂದ ಇಲ್ಲ.
ಗಡ್ಡೆ ಬೆಳೆದರೂ ಅವರ ರಕ್ತಕ್ಕೆ
ಅದನ್ನು ಬರೆಯುವ ಅಕ್ಷರ ಬಾರದು.
ಈ ಮಾತು ಆಡುವುದು ಡಾಕ್ಟರ ಕೆಲಸ. ನನ್ನದು ಅಂಕಿ, ಸಹಿ, ಸೀಲು.

ಅವರು ಕಾಗದ ನೋಡಲಿಲ್ಲ, ನನ್ನ ಕೈ ನೋಡಿದರು.
‘ಅಡಿಗಲ್ಲಿಗೆ ತಾಗಿಸಿದರೆ ಒಳ್ಳೆಯ ಕಬ್ಬಿಣ ಠಣ್ಣನ್ನುತ್ತದೆ,
ಬಿರುಕಿದ್ದದ್ದು ಮಂಕಾಗಿ ನರಳುತ್ತದೆ.
ಸದ್ದೇ ಬಾರದಿದ್ದರೆ, ಮೂಡಿ?’

‘ಬಡಿದು ನೋಡಿ ಫಲವಿಲ್ಲ,
ಬೆಳಕಿಗೆ ಹಿಡಿದು ನೋಡಬೇಕು’ ಅಂದೆ.
ಅಂದಮೇಲೆ ಹೆದರಿದೆ. ಡಾಕ್ಟರಿಗೆ ಫೋನು ಮಾಡಿದೆ.
ಗುರುವಾರಕ್ಕೆ ಸ್ಕ್ಯಾನು.

ರಕ್ತ ಹೋದ ಬಸ್ಸಿನಲ್ಲೇ ಅವರೂ ಹೋದರು,
ನಮ್ಮ ಮೊಂಡು ಕತ್ತರಿಗೆ ಸಾಣೆ ಹಿಡಿದು ಕೊಟ್ಟು.
ಪ್ಲಾಸ್ಟರು ಈಗ ಒಂದೇ ಕಚ್ಚಿಗೆ ತುಂಡಾಗುತ್ತದೆ.

ಮಿಕ್ಕ ಸೀರಂ ಏಳು ದಿನ ಇಟ್ಟು ಎಸೆಯುವುದು ನಿಯಮ.
ಎಂಟನೆಯ ದಿನ ಫ್ರಿಜ್ಜು ತೆರೆದು
ಟ್ಯೂಬನ್ನು ಕಿಟಕಿಗೆ ಹಿಡಿದೆ.
ಒಣಹುಲ್ಲು ದಾಟಿದೆ. ಬೆಲ್ಲದ ಹತ್ತಿರ.
ನೀಲಿಗೆ ಇನ್ನೆಷ್ಟು ದೂರ ಎಂದು ಹೇಳಲು
ಅವರ ಕಣ್ಣು ಬೇಕು, ನನಗೆ ಅದಿಲ್ಲ.